ಮೂರು ಬಡಿತ

ಕಿವುಡನೆಂದು ನಾಲ್ಕು ಜನಕ್ಕೆ ಗೊತ್ತಾಗುವುದಕ್ಕಿಂತ ಸಾಯುವುದೇ ಮೇಲು ಎಂದುಕೊಂಡು ಬದುಕಿದವನು ನಾನು, ಮರೆಪ್ಪ. ಆದ್ದರಿಂದ ಪೀಣ್ಯದ ಅಂಗಡಿಯಲ್ಲಿ ಮೇಘಾ ಎಂಬ ಹುಡುಗಿ ಎರಡು ಕಿವಿ ಮಿಷನ್ ಮುಂದಿಟ್ಟಾಗ ಸಣ್ಣದಕ್ಕೇ ಕೈ ಹಾಕಿದೆ.

“ಇದು ಒಳಗೇ ಕೂತ್ಕೊಳುತ್ತೆ ಸಾರ್, ಯಾರಿಗೂ ಕಾಣಲ್ಲ. ಆದ್ರೆ ನಿಮ್ಮ ಕಿವಿಗೆ ದೊಡ್ಡದೇ ಸರಿ, ಪವರ್ ಜಾಸ್ತಿ,” ಎಂದು ಮುಖದ ಹತ್ತಿರ ಬಂದು ಕೂಗಿದಳು.

ದೊಡ್ಡದು ಗೋಡಂಬಿಯ ಹಾಗೆ ಕಿವಿಯ ಹಿಂದೆ ಕೂರುವಂಥದ್ದು. ಥೂ, ಊರಿಗೆಲ್ಲ ಡಂಗುರ!

“ಸಣ್ಣದ ಹಾಕವಾ,” ಎಂದೆ.

ಹಾಕಿದಳು. ಮೊದಲು ಫ್ಯಾನು ಕೇಳಿಸಿತು, ಆಮೇಲೆ ಪಕ್ಕದಲ್ಲಿದ್ದ ಮಗಳು ಶಿವಗಂಗಾಳ ಬಳೆ. ಅದರ ಹಿಂದೆಯೇ ಟಣ್, ಟಣ್, ಟಣ್. ಕಬ್ಬಿಣದ ಮೇಲೆ ಸ್ಪ್ಯಾನರ್ ಬಡಿದ ಸದ್ದು. ನನ್ನ ಬಲಗಾಲು ತಾನಾಗಿ ನೆಲ ಬಿಟ್ಟು ಮೇಲೆದ್ದಿತು.

ತಗಡು ಒತ್ತುವ ನಮ್ಮ ಪ್ರೆಸ್ ಶಾಪಿನ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ. ಪೆಡಲ್ ತುಳಿದು ಪ್ರೆಸ್ ಕೆಳಗಿಳಿಸುವವನು ಮುಂದೆ, ಸಿಕ್ಕಿಕೊಂಡ ತಗಡು ಬಿಡಿಸುವವನು ಹಿಂದೆ. ಅವನು ಮೂರು ಬಡಿದರೆ ಕೈ ಒಳಗಿದೆ, ತುಳಿಯಬೇಡ. ಒಂದು ಬಡಿದರೆ ಕೈ ಹೊರಗಿದೆ, ತುಳಿ. ಹನ್ನೆರಡು ವರ್ಷದ ಕೆಳಗೆ ನನ್ನ ಹಿಂದೆ ಇದ್ದವನು ರೇವಣಸಿದ್ದ, ಹೆಂಡತಿಯ ತಮ್ಮ. ನಾನು ತುಳಿದೆ. ಅವನು ಆಸ್ಪತ್ರೆ ಮುಟ್ಟಲಿಲ್ಲ. “ಅವ ಬಡೀಲೇ ಇಲ್ಲ,” ಎಂದೆ. ಎಲ್ಲರೂ ನಂಬಿದರು.

“ಯಾರವಾ ಬಡಿಯಾಕತ್ತಿದ್ದು?”

“ಯಾರೂ ಇಲ್ಲ ಸಾರ್,” ಎಂದು ಮೇಘಾ ಮಿಷನ್ ಹೊರತೆಗೆದಳು. ಫ್ಯಾನು ನಿಂತಂತಾಯಿತು. ಅವಳ ತುಟಿಗಳು ಅಲುಗಿದವು, ಮಾತು ಕೇಳಲಿಲ್ಲ. ಟಣ್, ಟಣ್, ಟಣ್ ಮಾತ್ರ ಕೇಳಿತು.

ಬೇರೆ ಸದ್ದಿನಲ್ಲಿ ಅದು ಮುಳುಗಲಿ ಎಂದು ಗಾಬರಿಯಲ್ಲಿ ದೊಡ್ಡದನ್ನು ನಾನೇ ಎತ್ತಿಕೊಟ್ಟೆ. ಅವಳು ಹಾಕಿದಳು. ಬಡಿತ ಈಗ ನನ್ನ ಕುರ್ಚಿಯ ಹಿಂದೆಯೇ ಇತ್ತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

“ಯಪ್ಪಾ, ಯಾಕ ಕಾಲ ಎತ್ತಿ ಕುಂತಿ? ಕೆಳಗ ಇಡು,” ಎಂದಳು ಮಗಳು.

ಇಡಲು ಆಗುತ್ತಿರಲಿಲ್ಲ.

“ನಿಮ್ಮ ಮಾವ ಬಡಿದಿದ್ದ, ಶಿವಗಂಗಾ. ನನಗ ಕೇಳಿಸಲಿಲ್ಲ. ಆಗಲೇ ನನ್ನ ಕಿವಿ ಹೋಗಿತ್ತು, ಕೆಲಸ ಹೋಗ್ತೈತಿ ಅಂತ ಮುಚ್ಚಿಟ್ಟಿದ್ದೆ. ತಪ್ಪು ಅವನ ಮ್ಯಾಲೆ ಹಾಕಿದೆ.”

ಹೆಗಲ ಮೇಲಿದ್ದ ಅವಳ ಕೈ ಸರಿಯಿತು.

“ಅವ್ವ ಸಾಯೋತನಕ ತಮ್ಮಗ ಬೈಕೋತ ಇದ್ದಳಲ್ಲೋ ಯಪ್ಪಾ. ಎಚ್ಚರಗೇಡಿ ಅಂತ.”

ಅದೂ ಚೆನ್ನಾಗಿಯೇ ಕೇಳಿಸಿತು.

“ದೊಡ್ಡದೇ ಇರಲಿ,” ಎಂದೆ ಮೇಘಾಳಿಗೆ. “ಎಲ್ಲಾರಿಗೂ ಕಾಣಲಿ.”

ಬಡಿತ ನಿಂತಿತು. ಆಮೇಲೆ ಕುರ್ಚಿಯ ಹಿಂದೆ ಒಂದೇ ಒಂದು ಸಲ ಟಣ್ ಎಂದಿತು. ನನ್ನ ಕಾಲು ಮೆಲ್ಲಗೆ ನೆಲಕ್ಕಿಳಿಯಿತು.