ಬಾಡಿಗೆ ಗಂಟಲು

ಕಂಪ್ಯೂಟರ್ ಪರದೆಯ ಮೇಲೆ ಚಕ್ರ ಸುತ್ತುತ್ತಿದೆ, ಸುತ್ತಲಿ, ಕುತ್ತಿಗೆಯ ತೂತಿಗೆ ಕಟ್ಟಿದ ಬಟ್ಟೆ ಉಸಿರೆಳೆದಾಗ ಒಳಕ್ಕೆ, ಬಿಟ್ಟಾಗ ಹೊರಕ್ಕೆ, ಇಷ್ಟೇ ಈಗ ಅವನಿಂದ ಹೊರಡುವ ಸದ್ದು, ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ – ಗಡ್ಡೆ ಜೊತೆ ಧ್ವನಿಪೆಟ್ಟಿಗೇನೂ ತೆಗೀಬೇಕಾಗುತ್ತೆ, ಜೀವ ಮುಖ್ಯ ಅಲ್ವಾ, ಎಂದಿದ್ದರು ಡಾಕ್ಟರು, ಹೌದು ಮುಖ್ಯ ಎಂದು ಅವನೂ ಬಾಯಿಬಿಟ್ಟೇ ಹೇಳಿದ್ದ, ಆಗಿನ್ನೂ ಬಾಯಿಬಿಟ್ಟರೆ ಮಾತು ಬರುತ್ತಿತ್ತು, ಮಕ್ಕಳ ಕಥೆಗಳನ್ನೆಲ್ಲ ಓದಿ ರೆಕಾರ್ಡ್ ಮಾಡಿದ ಬಾಯಿ, ರಾಕ್ಷಸನಿಗೊಂದು ಗಂಟಲು, ಮುದುಕಿಗೊಂದು, ನರಿಗೊಂದು, ಗಾಜಿನಾಚೆ ಕೂತ ಸ್ಟುಡಿಯೋ ಮಾಲೀಕ ನಕ್ಕೂ ನಕ್ಕೂ ಹೆಬ್ಬೆರಳೆತ್ತುತ್ತಿದ್ದ, ಈಗ ಅದೇ ಮಾಲೀಕ ಫೋನಿನಲ್ಲಿ, ಅಣ್ಣಾ, ಅರ್ಧಕ್ಕೆ ನಿಂತಿರೋ ಪುಸ್ತಕ ಮುಗಿಸೋಣ, ನಿಮ್ಮ ಹಳೇ ರೆಕಾರ್ಡಿಂಗ್ ಹಾಕಿದ್ರೆ ಈ ಎಐ ನಿಮ್ಮ ಹಾಗೇ ಓದುತ್ತಂತೆ, ನೋಡಿ ಸ್ವಲ್ಪ – ನೋಡಿದ, ಬೇರೆ ಏನು ಕೆಲಸ, ಮೊದಲು ಬಿಟ್ಟಿ ಸಿಗುವುದನ್ನು ನೋಡಿದ, ಅದು ಮೂಗಿನಲ್ಲಿ ಓದುತ್ತದೆ, ಹಳ್ಳಕ್ಕೆ ಹಲ್ಲ ಅನ್ನುತ್ತದೆ, ಪ್ರತಿ ತುಣುಕಿನ ಕೊನೆಗೆ ತನ್ನ ಕಂಪನಿಯ ಹೆಸರು ಹೇಳಿಕೊಳ್ಳುತ್ತದೆ, ಮುದುಕಿ ಸಾಯುವ ಸಾಲನ್ನು ಹವಾಮಾನ ವರದಿಯ ಹಾಗೆ ಒಪ್ಪಿಸಿಬಿಟ್ಟಿತು, ಅಡುಗೆಮನೆಯಿಂದ ಹೆಂಡತಿ ನಕ್ಕಳು, ಯಾರ್ರೀ ಅದು, ನೆಗಡಿಯಾಗಿರೋ ರೈಲ್ವೆ ಸ್ಟೇಷನ್ನಾ, ಅವನೂ ನಕ್ಕ, ಬಟ್ಟೆ ಪಟಪಟ ಅಂದಿತು, ಆ ನಗೆಯಲ್ಲೊಂದು ನೆಮ್ಮದಿಯಿತ್ತು, ಹೋದದ್ದು ಹೋಯಿತು, ಇನ್ನೊಬ್ಬರ ಕೈಗಂತೂ ಸಿಗಲಿಲ್ಲ.

ಆಮೇಲೆ ದುಡ್ಡಿನದು, ಪ್ರಯೋಗಕ್ಕೆಂದು ನಾಲ್ಕು ದಿನ ಸುಮ್ಮನೆ ಕೊಟ್ಟದ್ದು, ಇವತ್ತು ಸಂಜೆಗೆ ಮುಗಿಯುತ್ತದೆ – ಅದಕ್ಕೆ ಎಲ್ಲ ಗೊತ್ತು, ನರಿ ಸುಳ್ಳು ಹೇಳುವ ಮುನ್ನ ಅವನು ನುಂಗುತ್ತಿದ್ದ ಎಂಜಲು ಕೂಡ, ಅದೇ ತುಣುಕನ್ನು ಮತ್ತೆ ಹಾಕಿ ಕೇಳಿದ, ಸಂತೋಷಕ್ಕೋ ಹೆದರಿಕೆಗೋ, ಮತ್ತೆ ಮಾಲೀಕನ ಫೋನು, ದುಡ್ಡು ನಾನು ಕಟ್ತೀನಿ ಅಣ್ಣಾ, ಖಾತೆ ಮಾತ್ರ ಸ್ಟುಡಿಯೋ ಹೆಸರಲ್ಲಿರುತ್ತೆ, ಧ್ವನೀನೂ ನಮ್ಮ ಹತ್ರಾನೇ, ಮುಂದೆ ಜಾಹೀರಾತು ಗೀಹೀರಾತು ಬಂದ್ರೆ ಉಪಯೋಗಿಸ್ಕೋತೀವಿ – ಉಪಯೋಗಿಸ್ಕೋತೀವಿ, ಬಕೆಟ್ಟು ಎರವಲು ಕೇಳಿದ ಹಾಗೆ, ಸತ್ತ ಮೇಲೂ ಅವನು ಸಾಬೂನು ಮಾರುತ್ತಿರಬೇಕು, ಯಾವನೋ ಬರೆದ ಸುಳ್ಳಿಗೆ ಆಣೆ ಹಾಕುತ್ತಿರಬೇಕು, ಬೇಡ, ಬಿಟ್ಟಿಯದೇ ಸಾಕು, ಪುಸ್ತಕ ಅರ್ಧಕ್ಕೇ ನಿಲ್ಲಲಿ, ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವನಿಗೆ ಏನು ತೋಚಿತೋ, ಅಳಿಸುವ ಮುಂಚೆ ಒಂದೇ ಒಂದು ಸಲ – ಆಪರೇಷನ್ ಆದಾಗಿನಿಂದ ಚಮಚದಲ್ಲಿ ಲೋಟ ಬಡಿದೇ ಹೆಂಡತಿಯನ್ನು ಕರೆಯುವುದು, ಶಾಲೆಯ ಗಂಟೆಗೆ ಬಂದ ಹಾಗೆ ಬರುತ್ತಾಳೆ ಪಾಪ – ಟೈಪ್ ಮಾಡಿ ಒತ್ತಿದ, ಇವಳೇ, ಸ್ವಲ್ಪ ಬಾರೇ ಇಲ್ಲಿ, ಎಂದಿತು ಮೇಜಿನ ಮೇಲಿನ ಸ್ಪೀಕರು, ಬಂದೆ ಇರ್ರೀ, ಎಂದಳು ಅವಳು ಒಳಗಿನಿಂದ, ಥಟ್ಟನೆ, ಹಿಂದೆ ಅನ್ನುತ್ತಿದ್ದ ಹಾಗೇ ಒಂಚೂರು ರೇಗಿ, ಆಮೇಲೆ ನಲ್ಲಿಯ ನೀರು ನಿಂತಿತು, ಪಾತ್ರೆಯ ಸದ್ದು ನಿಂತಿತು, ಬಾಗಿಲಲ್ಲಿ ಬಂದು ನಿಂತಳು, ಮೊಣಕೈಯಿಂದ ನೊರೆ ತೊಟ್ಟಿಕ್ಕುತ್ತಿದೆ, ಅವನನ್ನು ನೋಡಲಿಲ್ಲ, ಸ್ಪೀಕರನ್ನು ನೋಡಿದಳು, ಇನ್ನೊಂದ್ಸಲ ಕರೀರಿ – ಯಾರಿಗೆ ಹೇಳಿದಳು, ಅಭ್ಯಾಸಬಲ, ಅವನು ಬಾಯಿ ತೆರೆದ, ಗಾಳಿ, ಒತ್ತಿದ, ಇವಳೇ, ಸ್ವಲ್ಪ ಬಾರೇ, ಅವಳ ಕೆನ್ನೆಯಲ್ಲಿ ಮದುವೆಯಾದ ಹೊಸದರ ನಗು, ಸ್ಪೀಕರಿನ ಕಡೆಗೆ, ಸಂಜೆಗೆ ಇದು ಹೋಗ್ಬಿಡುತ್ತೆ ಅಂತ ಬರೆದು ತೋರಿಸಿದ್ರಲ್ಲ, ಹೋಗೋದು ಬೇಡಾ ರೀ, ಇಟ್ಕೊಳ್ಳೋಣ, ನಿಮ್ಮ ಕಾಲು ಹಿಡ್ಕೋತೀನಿ – ಮಾಲೀಕ ಕಳಿಸಿದ ಕರಾರಿನ ಪುಟ ತೆರೆದು ಒಪ್ಪಿದ್ದೇನೆ ಎಂಬಲ್ಲಿ ಒತ್ತಿದ, ಎಷ್ಟು ಸಲೀಸು, ಗಂಟಲು ಕೊಯ್ಯಲು ಸಹಿ ಹಾಕುವಾಗಲಾದರೂ ಒಮ್ಮೆ ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡಿದ್ದ, ಇನ್ನು ಅದು ಅವನದಲ್ಲ, ಅವನಿಗೇ ಬಾಡಿಗೆಗೆ, ಅವಳು ಇನ್ನೂ ಸ್ಪೀಕರನ್ನೇ ನೋಡುತ್ತಿದ್ದಾಳೆ, ಈ ಕಡೆ ತಿರುಗೇ, ಎಂದು ತುಟಿಯಷ್ಟೇ ಅಲ್ಲಾಡಿಸಿದ, ತಿರುಗಲಿಲ್ಲ, ತೋಳು ಮುಟ್ಟಿದ, ಇರಿ ಅಂದಳು, ಸ್ಪೀಕರನ್ನೇ ನೋಡುತ್ತ, ಅವನು ಒಂದೊಂದೇ ಅಕ್ಷರ ಕುಟ್ಟಿದ, ನಾನಿಲ್ಲಿದ್ದೀನಿ ಕಣೇ, ಒತ್ತಿದ, ನಾನಿಲ್ಲಿದ್ದೀನಿ ಕಣೇ, ಎಂದಿತು ಸ್ಪೀಕರು, ಹೂಂ ರೀ, ಎಂದಳು ಅವಳು, ಸ್ಪೀಕರನ್ನು ನೋಡುತ್ತ