ಮುತ್ತಜ್ಜಿಯ ಎಡಬದಿ

ಮೂವತ್ತು ವರ್ಷದಿಂದ ಕ್ರಾಕೋವ್ ಪೇಟೆಯ ಹೆಂಗಸರಿಗೆ ಉಡುಪಿನೊಳಗೆ ತೊಡುವ ಬಿಗಿಕುಪ್ಪಸ ಹೊಲಿಯುತ್ತಿದ್ದೇನೆ. ಇನ್ನೊಬ್ಬರ ಹೊಲಿಗೆಯನ್ನು ಹೊಗಳುವ ಅಭ್ಯಾಸ ನನಗಿಲ್ಲ. ಹೊಗಳುವಂಥದ್ದು ಕಣ್ಣಿಗೆ ಬಿದ್ದದ್ದೂ ಕಡಿಮೆ.

ಆ ಬುಧವಾರ ಎವೆಲಿನಾ ಅಮ್ಮನವರು ಕಿರಿಮಗಳು ಕ್ಲೆಮೆಂತಿನಾಳನ್ನು ಕರೆತಂದರು. ಹುಡುಗಿಗೆ ಹದಿನೇಳು. ಬೆನ್ನು ಒಂದು ಕಡೆಗೆ ಬಾಗಿ ಎಡಭುಜ ಮೇಲೆದ್ದಿತ್ತು. ಎರಡು ವರ್ಷದಿಂದ ಚರ್ಚಿಗೆ ಪಕ್ಕದ ಬಾಗಿಲಿನಿಂದ ನುಸುಳಿ ಕಂಬದ ಮರೆಯಲ್ಲಿ ಕೂರುತ್ತಿದ್ದಳು. ಭಾನುವಾರ ಅಕ್ಕನ ಮದುವೆ. ಮದುಮಗಳ ಮುಂದೆ ಮುಂಬಾಗಿಲಿನಿಂದ ನಡೆಯಬೇಕಾದವಳು ಇವಳೇ. ಬರುವುದೇ ಇಲ್ಲವೆಂದು ಹಟ ಹಿಡಿದಿದ್ದಳಂತೆ.

ಅಮ್ಮನವರು ಗಂಟು ಬಿಚ್ಚಿ ತಮ್ಮ ಅಜ್ಜಿಯ ಹಳೆಯ ಕುಪ್ಪಸವನ್ನು ಮೇಜಿನ ಮೇಲಿಟ್ಟರು. ಕುಪ್ಪಸವನ್ನು ಬಿಗಿಯಾಗಿ ನಿಲ್ಲಿಸುವ, ತಿಮಿಂಗಿಲದ ಬಾಯಿಂದ ತೆಗೆದ ಪಟ್ಟಿಗಳು ಈಗೆಲ್ಲಿ ಸಿಗುತ್ತವೆ? ಹಳೆಯದನ್ನು ಬಿಚ್ಚಿ, ಪಟ್ಟಿಗಳನ್ನು ಹಬೆಯಲ್ಲಿ ನೇರ ಮಾಡಿ, ಹೊಸ ಮೈಗೆ ತಕ್ಕಂತೆ ಬಗ್ಗಿಸಿ ಕೂರಿಸುವುದೇ ನಮ್ಮ ಪದ್ಧತಿ.

"ನಮ್ಮಜ್ಜಿ ಮೇಣದಬತ್ತಿ ಥರ ನೆಟ್ಟಗಿದ್ರು. ಇವಳಿಗೆಲ್ಲಿಂದ ಬಂತೋ ಈ ಬೆನ್ನು" ಎಂದರು ಅಮ್ಮನವರು. ಹುಡುಗಿ ನೆಲ ನೋಡಿದಳು. ನನಗೆ ಮೈಯೆಲ್ಲ ಉರಿದರೂ ಕತ್ತರಿ ಎತ್ತಿಕೊಂಡೆ.

ರೇಷ್ಮೆ ಬಿಚ್ಚಿದೆ. ಕೆಳಗೆ ಗಂಜಿ ಹಾಕಿದ ಎರಡು ಪದರ ಲಿನನ್. ಅದರಲ್ಲಿ ಹುಲ್ಲುಕಡ್ಡಿಯಷ್ಟೇ ಅಗಲದ ಗೂಡುಗಳು, ಒಂದೊಂದರಲ್ಲೂ ಒಂದು ಪಟ್ಟಿ. ಹೊಲಿಗೆ ಎಷ್ಟು ಸಣ್ಣದೆಂದರೆ ಕನ್ನಡಕ ಹಾಕಿದರೂ ಕಾಣದೆ ಉಗುರಿನಿಂದ ತಡವಬೇಕಾಯಿತು. ಆದರೆ ಬಲಬದಿಯಲ್ಲಿ ಮೂವತ್ತೊಂದು ಪಟ್ಟಿ, ಎಡಬದಿಯಲ್ಲಿ ನಲವತ್ತಾರು. ಹೊಲಿದವನು ಕುಡಿದಿದ್ದನೇನೋ ಎಂದು ನಕ್ಕುಬಿಟ್ಟೆ.

ನಕ್ಕವಳು ಅಲ್ಲೇ ತಡೆದುಕೊಂಡೆ. ಇಂಥ ಕೈ ಕುಡಿದು ಹೊಲಿಯುವುದಿಲ್ಲ. ಎಡಗಡೆಯ ಪಟ್ಟಿಗಳು ಬೇಕೆಂದೇ ಓರೆಯಾಗಿ ಓಡಿದ್ದವು. ಬಲಭುಜದ ಕೆಳಗೆ ಉಣ್ಣೆಯನ್ನು ಪದರಪದರವಾಗಿ ತುಂಬಿ, ಅಂಚು ಬೆರಳಿಗೂ ತಿಳಿಯದಂತೆ ಸವರಿದ್ದ. ಹೊರಗಿನಿಂದ ನೋಡಿದರೆ ಎರಡೂ ಬದಿ ಒಂದೇ ಸಮ. ಹೆಸರು ಗೊತ್ತಿಲ್ಲದ ಆ ಮನುಷ್ಯನ ಕಾಲಿಗೆ ಬೀಳಬೇಕೆನಿಸಿತು.

"ಅಮ್ಮಾವ್ರೆ, ನಿಮ್ಮಜ್ಜಿ ನೆಟ್ಟಗಿರಲಿಲ್ಲ" ಎಂದೆ. "ಇದನ್ನ ಹೊಲಿದವನು ನೆಟ್ಟಗೆ ನಿಲ್ಲಿಸಿದ್ದ, ಅಷ್ಟೆ."

ಹುಡುಗಿ ಎದ್ದು ಬಂದು ಆ ಓರೆ ಪಟ್ಟಿಗಳ ಮೇಲೆ ಬಹಳ ಹೊತ್ತು ಬೆರಳಾಡಿಸಿದಳು. ಮುತ್ತಜ್ಜಿ ಎಷ್ಟು ವರ್ಷ ಬದುಕಿದ್ದಳೆಂದು ಕೇಳಿದಳು. ಎಂಬತ್ತೊಂದು, ಏಳು ಮಕ್ಕಳನ್ನು ಹೆತ್ತವಳು, ಯಾರ ಮದುವೆಯಾದರೂ ಮೊದಲು ಕುಣಿಯಲು ಇಳಿಯುತ್ತಿದ್ದವಳು ಎಂದು ತಾಯಿ ಸಣ್ಣ ದನಿಯಲ್ಲಿ ಹೇಳಿದರು.

ಹಬೆಗೆಂದು ನೀರು ಕಾಯಿಸಿದೆ. ಮುತ್ತಜ್ಜಿಯ ಮೈಬಿಸಿಗೆ ಬಾಗಿದ್ದ ಪಟ್ಟಿಗಳನ್ನು ಕ್ಲೆಮೆಂತಿನಾಳ ಬೆನ್ನಿಗೆ ಒಂದೊಂದಾಗಿ ಹಿಡಿದು ನೋಡಿದೆ. ಎಡಬದಿಯ ನಲವತ್ತಾರರಲ್ಲಿ ಒಂದನ್ನೂ ನೇರ ಮಾಡಬೇಕಾಗಲಿಲ್ಲ. ನೀರು ಹಾಗೇ ಆರಿಹೋಯಿತು.

ಕೊನೆಗೆ ಬಲಭುಜದ ಕೆಳಗೆ ತುಂಬಲು ಉಣ್ಣೆ ಕೈಗೆತ್ತಿಕೊಂಡಾಗ ಹುಡುಗಿ ನನ್ನ ಮಣಿಕಟ್ಟು ಹಿಡಿದಳು.

"ಅದು ಬೇಡಮ್ಮ. ಬೆನ್ನಿಗೆ ಆಸರೆ ಇದ್ರೆ ಸಾಕು. ಮುತ್ತಜ್ಜಿ ಹೇಗಿದ್ಲು ಅಂತ ಜನ ನೋಡ್ಲಿ."

ಭಾನುವಾರ ನಾನೂ ಚರ್ಚಿಗೆ ಹೋಗಿದ್ದೆ. ಕ್ಲೆಮೆಂತಿನಾಳ ಎಡಭುಜ ಒಂದಿಷ್ಟು ಮೇಲೆಯೇ ಇತ್ತು. ಅವಳು ಮುಂಬಾಗಿಲಿನಿಂದ ಬಂದಳು.