ವಿಂಗ್ ತಾಯ್ ಅಂಗಡಿಯ ಹಿಂದಿನ ಕೋಣೆ

"ಏಳಮ್ಮ, ಮೇಲೇಳು! ಅದು ಕೂರೋ ಜಾಗ ಅಲ್ಲ!"

ಲಾನ್‌ಯಿಂಗ್ ಬಾಗಿಲಲ್ಲೇ ನಿಂತು ಊರುಗೋಲೆತ್ತಿ ಕೂಗಿದಳು. ಮರದ ಪೆಟ್ಟಿಗೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಗಣಿಯವರ ಹಳೇ ಟೋಪಿ ತಲೆಗಿಟ್ಟುಕೊಂಡು ಫೋಟೋಗೆ ನಗುತ್ತಿದ್ದ ಪ್ರವಾಸಿ ಹೆಂಗಸು ಬೆಚ್ಚಿ ಎದ್ದಳು. ಕ್ಯಾಮೆರಾ ಹಿಡಿದಿದ್ದ ಗಂಡ ನಕ್ಕ. "ಯಾರಿವಳು? ಇವಳಿಗೂ ವೇಷ ಹಾಕಿ ನಿಲ್ಲಿಸಿದಾರಾ?"

ಯಾರಿವಳಂತೆ! ಈ ಗಲ್ಲಾದ ಹಿಂದಿನ ಕೋಣೆಯಲ್ಲಿ ಹುಟ್ಟಿದವಳು ಅವಳು. ಚೀನಾದಿಂದ ಬಂದ ಅವಳ ಅಜ್ಜ ಅಕ್ಕಿ, ಒಣಮೀನು, ಗುದ್ದಲಿಕಾವುಗಳನ್ನು ಅಡ್ಡೆಯಲ್ಲಿ ಹೊತ್ತು ಕಣಿವೆ ಹತ್ತಿಬಂದು ಹಾಕಿದ ಅಂಗಡಿ ಈ ವಿಂಗ್ ತಾಯ್. ಹಾರ್ಸ್‌ಟೇಲ್ ಹಳ್ಳದ ಚಿನ್ನದ ಕೇರಿ ಎರಡು ಸಲ ಸುಟ್ಟು ಬೂದಿಯಾದಾಗ ಎರಡು ಸಲವೂ ಮೊದಲು ಎದ್ದು ನಿಂತದ್ದು ಇದೇ. ಬಿಳಿಯರು ಇಲ್ಲಿ ಬೂಟು ಕೊಂಡರು, ದೀಪದೆಣ್ಣೆ ಕೊಂಡರು, ಮಗುವಿಗೆ ಕೆಮ್ಮು ಬಂದರೆ ಅಪ್ಪನ ಬೇರಿನ ಕಷಾಯಕ್ಕೂ ಬಂದು ನಿಂತರು. ಚಿನ್ನ ಮುಗಿಯಿತು, ಅವರೆಲ್ಲ ಹೋದರು. ಅಂಗಡಿ ಉಳಿಯಿತು.

ಕಳೆದ ಚಳಿಗಾಲ ಲಾನ್‌ಯಿಂಗ್ ಹಿಮದಲ್ಲಿ ಜಾರಿ ಸೊಂಟ ಮುರಿದುಕೊಂಡು ಕೆಳಗಿನ ಪೇಟೆಯ ಆಸ್ಪತ್ರೆ ಸೇರಿದ್ದಳು. ಆಸ್ತಿ ಇದ್ದದ್ದು ತಮ್ಮ ಹೆನ್ರಿಯ ಹೆಸರಲ್ಲಿ. ವ್ಯಾಂಕೂವರಿನಲ್ಲಿ ಲಾಂಡ್ರಿ ಇಟ್ಟುಕೊಂಡಿರುವ ಅವನು, ಅಕ್ಕ ಹಾಸಿಗೆಯಲ್ಲಿದ್ದಾಗಲೇ ಅಂಗಡಿಯನ್ನು ಒಳಗಿನ ಸಾಮಾನು ಸಮೇತ ಸಂಗ್ರಹಾಲಯದವರಿಗೆ ಬರೆದುಕೊಟ್ಟ.

ಒಳಗಿನ ಸಾಮಾನು! ಅದರಲ್ಲಿ ಗಿಮ್ ತಾತನೂ ಸೇರಿಹೋಗಿದ್ದ.

ಗಿಮ್ ತಾತ ರಕ್ತಸಂಬಂಧಿಯಲ್ಲ. ಹಳ್ಳದ ತಲೆಯಲ್ಲಿ ಚಿನ್ನಕ್ಕೆಂದು ಮರಳು ತೊಳೆಯುತ್ತಿದ್ದ ಒಂಟಿ ಮುದುಕ. ಪುಟ್ಟ ಲಾನ್‌ಯಿಂಗಳನ್ನು ಹೆಗಲಿಗೇರಿಸಿಕೊಂಡು ಅಂಗಡಿಯ ತುಂಬ ಕುದುರೆಯಾಗಿ ಓಡುತ್ತಿದ್ದವನು. ಸತ್ತಾಗ ಎಲ್ಲರಂತೆ ಅವನನ್ನೂ ಗುಡ್ಡದಲ್ಲಿ ಹೂಳಿದರು. ಏಳು ವರ್ಷ ಕಳೆದ ಮೇಲೆ, ಎಲ್ಲರಿಗೂ ಮಾಡಿದಂತೆ, ಅಪ್ಪ ಅವನನ್ನು ಹೊರತೆಗೆದು, ಮೂಳೆಗಳನ್ನು ಒಂದೊಂದಾಗಿ ತೊಳೆದು, ಬಿಸಿಲಲ್ಲಿ ಒಣಗಿಸಿ, ತಗಡು ಹೊದಿಸಿದ ಮರದ ಪೆಟ್ಟಿಗೆಯಲ್ಲಿಟ್ಟು ಬೆಸುಗೆ ಹಾಕಿದ. ಪೆಟ್ಟಿಗೆಯ ಉದ್ದ ತೊಡೆಮೂಳೆಯಷ್ಟೇ. ಅದು ಹಿಡಿಸಿದರೆ ಮನುಷ್ಯನೆಲ್ಲ ಹಿಡಿಸುತ್ತಾನೆ. ಹಡಗು ಬರುವವರೆಗೆ ಪೆಟ್ಟಿಗೆಗಳು ಹಿಂದಿನ ಕೋಣೆಯಲ್ಲಿ ಕಾಯಬೇಕು. ಬದುಕಿದ್ದಾಗ ಮನೆಗೆ ಹೋಗಲಾಗದವರನ್ನು ಚೀನಾದ ತೊಯ್ಸಾನ್ ಸೀಮೆಯ ಅವರವರ ಹಳ್ಳಿಗೆ ಮುಟ್ಟಿಸುವುದು, ಆ ಅಂಗಡಿಯ ನಿಜವಾದ ವ್ಯಾಪಾರ ಅದು. ಗಿಮ್ ತಾತನ ಸರದಿ ಬರುವಷ್ಟರಲ್ಲಿ ಯುದ್ಧ ಬಂತು. ಯುದ್ಧ ಮುಗಿದರೆ ಅಲ್ಲಿ ಸರಕಾರವೇ ಬದಲಾಯಿತು. "ಕಾಯಿರಿ" ಎಂದರು ಪೆಟ್ಟಿಗೆಗಳನ್ನು ಹಡಗಿಗೇರಿಸುವ ಬಂದರಿನ ಸಂಘದವರು. ಅಪ್ಪ ಸಾಯುವತನಕ ಕಾದ. ಪ್ರತಿ ವಸಂತದಲ್ಲೂ ಪೆಟ್ಟಿಗೆಯ ಮುಂದೆ ಅನ್ನ, ಕೋಳಿ, ಒಂದು ಬಟ್ಟಲು ಮದ್ಯ.

ಈಗ ಅದರ ಮುಚ್ಚಳಕ್ಕೆ ಚೀಟಿಯೊಂದನ್ನು ಅಂಟಿಸಿದ್ದರು: ಚಹಾ ಪೆಟ್ಟಿಗೆ.

"ಮಿಸ್ ಮಾ! ಬನ್ನಿ, ಬನ್ನಿ. ಹೇಗಿದೆ ನಮ್ಮ ಅಂಗಡಿ?" ಸಂಗ್ರಹಾಲಯದ ಮೇಲ್ವಿಚಾರಕ ಪ್ರಿಚರ್ಡ್ ಹಳೇ ಕಾಲದ ವೇಸ್ಟ್‌ಕೋಟು ತೊಟ್ಟು ಕೈ ಚಾಚಿಕೊಂಡು ಬಂದ.

ಲಾನ್‌ಯಿಂಗ್ ಕೈ ಕೊಡಲಿಲ್ಲ. "ಆ ಪೆಟ್ಟಿಗೆ ಕೊಡಿ. ಇನ್ನೇನೂ ಬೇಡ ನನಗೆ."

"ಅಯ್ಯೋ, ಅಂಥದ್ದು ಬೇಕಾದ್ರೆ ಹೊಸದು ಮಾಡಿಸಿಕೊಡ್ತೀನಿ. ಇಲ್ಲಿಂದ ಒಂದು ಮೊಳೆ ಕೂಡ ಆಚೆ ಹೋಗೋ ಹಾಗಿಲ್ಲ. ನಿಮ್ಮ ತಮ್ಮನೇ ಒಪ್ಪಿ ಸಹಿ ಹಾಕಿದಾರಲ್ಲ."

ಅವಳನ್ನು ಕಾರಿನಲ್ಲಿ ಕರೆತಂದು ಹಿಂದೆ ನಿಂತಿದ್ದ ಹೆನ್ರಿ ಹ್ಯಾಟು ತೆಗೆದು ಕೈಯಲ್ಲಿ ತಿರುಗಿಸತೊಡಗಿದ. "ಅಕ್ಕಾ, ನಂಗೇನು ಗೊತ್ತು? ಔಷಧಿ ಪೆಟ್ಟಿಗೆ ಅಂದ್ಕೊಂಡಿದ್ದೆ."

"ಔಷಧಿ! ಔಷಧಿಗೆ ವರ್ಷಾ ವರ್ಷಾ ಅನ್ನ ಇಟ್ಟು ಕೈ ಮುಗೀತಿದ್ನೇನೋ ಅಪ್ಪ? ಕೋಳಿ ಕಾಲಿಗೆ ಓಡಿಬರ್ತಿದ್ದೆಯಲ್ಲ, ಊಟ ಯಾರಿಗಿಟ್ಟಿದ್ದು ಅಂತ ಒಂದಿನಾದ್ರೂ ಕೇಳಿದ್ಯಾ?" ಅವಳು ಪ್ರಿಚರ್ಡನ ಕಡೆ ತಿರುಗಿದಳು. "ಇದರಲ್ಲಿ ಚಹಾ ಇಲ್ಲ ಸ್ವಾಮಿ. ಮನುಷ್ಯ ಇದಾನೆ. ಅವನ ಮೂಳೆ ಇವೆ."

ಪೆಟ್ಟಿಗೆಯ ಮೇಲೆ ಕೂತಿದ್ದ ಹೆಂಗಸು ತನ್ನ ಲಂಗದ ಹಿಂಭಾಗವನ್ನು ಪಟಪಟ ಕೊಡವಿಕೊಂಡಳು. ಕೂತದ್ದಕ್ಕಿಂತ ಆ ಕೊಡವಿದ್ದು ಲಾನ್‌ಯಿಂಗಳ ಮೈ ಉರಿಸಿತು.

ಪ್ರಿಚರ್ಡನ ಮುಖ ಮಾತ್ರ ಅರಳಿತು. "ನಿಜವಾಗ್ಲೂ? ಇಡೀ ಮನುಷ್ಯ? ಮೊದಲೇ ಹೇಳ್ಬಾರ್ದಾ ಮಿಸ್ ಮಾ! ಗಾಜಿನ ಕಪಾಟು ಮಾಡಿಸ್ತೀನಿ, ಮೇಲೊಂದು ದೀಪ ಹಾಕಿಸ್ತೀನಿ. ಇದನ್ನ ನೋಡೋಕಂತಲೇ ಜನ ಬರ್ತಾರೆ!"

"ಅವನೊಬ್ಬನೇ ಯಾಕೆ? ನಿಮ್ಮಜ್ಜನ್ನೂ ಅಗೆದು ತನ್ನಿ, ಪಕ್ಕದಲ್ಲಿಡೋಣ. ಒಂದೇ ಟಿಕೆಟ್ಟಿಗೆ ಜೋಡಿ ನೋಡ್ಲಿ ಜನ."

ಯಾರೋ ಕಿಸಕ್ಕೆಂದರು. ಪ್ರಿಚರ್ಡನ ಕಿವಿ ಕೆಂಪಾಯಿತು. "ನೋಡಿ, ಸ್ವಲ್ಪ ಮರ್ಯಾದೆ ಇಟ್ಕೊಂಡು ಮಾತಾಡಿ."

ಲಾನ್‌ಯಿಂಗ್ ಬಗ್ಗಿ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. "ಹೆನ್ರಿ, ಎತ್ತು."

ಹೆನ್ರಿ ಪ್ರಿಚರ್ಡನನ್ನು ನೋಡಿದ. ಬಾಗಿಲನ್ನು ನೋಡಿದ.

"ಸಹಿ ಹಾಕಿದ ಕೈ ಇದೆಯಲ್ಲ, ಅದರಲ್ಲೇ ಎತ್ತು."

ಅವನು ಹ್ಯಾಟನ್ನು ಗಲ್ಲಾದ ಮೇಲಿಟ್ಟು, ಹಲ್ಲು ಕಚ್ಚಿ, ಭಾರಕ್ಕೆ ಸಜ್ಜಾಗಿ ಪೆಟ್ಟಿಗೆ ಎತ್ತಿದವನು ಹಿಂದಕ್ಕೆ ತೂರಾಡಿದ. "ಅಕ್ಕಾ... ಇಷ್ಟೇನಾ?"

"ಅಪ್ಪ ಚೆನ್ನಾಗಿ ಒಣಗಿಸಿದ್ದ. ನಡಿ."

"ಪೊಲೀಸರನ್ನ ಕರೀತೀನಿ!" ಪ್ರಿಚರ್ಡ್ ಕೂಗಿದ.

"ಕರೀರಿ. ಗುಡ್ಡದ ಮೇಲಿರ್ತೀವಿ."

ಗುಡ್ಡದ ತುಂಬ ಗುಂಡಿಗಳು. ಖಾಲಿ ಮಾಡಿದ ಗೋರಿಯನ್ನು ಅವರ ಜನ ಮುಚ್ಚುತ್ತಿರಲಿಲ್ಲ. ಬಾಯಿ ತೆರೆದಿದ್ದರೆ ಆ ಮನುಷ್ಯ ಮನೆ ಸೇರಿದ ಎಂದು ಲೆಕ್ಕ. ಅಪ್ಪ ಇಲ್ಲಿ ನಿಂತು, "ನೋಡು ಮಗಳೇ, ಎಷ್ಟು ಜನ ಊರು ಮುಟ್ಟಿದ್ರು!" ಎಂದು ಎದೆಯುಬ್ಬಿಸುತ್ತಿದ್ದ. ಈಗ ದಾರಿಯ ಅಂಚಿಗೆ ಹೊಸ ಹಲಗೆ ನೆಟ್ಟಿದ್ದರು: ಚಿನ್ನ ಹುಡುಕಿ ತೋಡಿದ ಗುಂಡಿಗಳು. ಬೆಳಿಗ್ಗೆ ಕಾರಿನಿಂದ ಅದನ್ನು ಓದಿದಾಗ, ಈ ದಿನಕ್ಕೆ ಇದಕ್ಕಿಂತ ಕೆಟ್ಟದ್ದು ಇರಲಾರದು ಎಂದುಕೊಂಡಿದ್ದಳು.

ಸೀಳಿದ ಪೈನ್ ಮರದ ಪಕ್ಕದ್ದು ಗಿಮ್ ತಾತನದು. ಹೆನ್ರಿ ಒಳಗಿಳಿದು ಪೆಟ್ಟಿಗೆ ಇಟ್ಟ. ಆಳುದ್ದದ ಗುಂಡಿಯಲ್ಲಿ ಅದು ಕೂಸಿನ ಶವಪೆಟ್ಟಿಗೆಯಂತೆ ಕಂಡಿತು.

"ಮುಚ್ಚಿಬಿಟ್ರೆ... ಮತ್ತೆ ಹಡಗು ಬಿಟ್ಟಾಗ ಏನು ಮಾಡೋದಕ್ಕಾ?"

"ಬಂದು ಅಗೀತೀಯಾ ನೀನು?"

ಹೆನ್ರಿ ಸುತ್ತ ನೋಡಿದ. "ಸಲಿಕೆ ತರಲಿಲ್ಲ ನಾವು."

"ಆ ಹಲಗೆ ಕೀಳು."

ಅವನು ಕಿತ್ತು ತಂದ. ಮಂಡಿಯೂರಿ ಅದರಿಂದ ಒಂದಷ್ಟು ಮಣ್ಣನ್ನು ಗುಂಡಿಗೆ ಎಳೆದ. ಅವಳು ಹಲಗೆಯನ್ನು ಅವನ ಕೈಯಿಂದ ಕಸಿದುಕೊಂಡು, ಮುರಿದ ಸೊಂಟದ ಕಡೆಯ ಕಾಲನ್ನು ಉದ್ದಕ್ಕೆ ಚಾಚಿ ನೆಲಕ್ಕೆ ಕೂತು, ತಾನೇ ಎಳೆಯತೊಡಗಿದಳು. ಮೊದಲು ತಗಡಿನ ಸದ್ದು ಬರುತ್ತಿತ್ತು, ಆಮೇಲೆ ಬರೀ ಮಣ್ಣಿನದು. ಕೆಳಗೆ ರಸ್ತೆಯಲ್ಲಿ ಕಾರೊಂದು ಬಂದು ನಿಂತಿತು. ಬಾಗಿಲು ತೆಗೆದು ಹಾಕಿದ ಶಬ್ದವಾಯಿತು. ಅವಳು ತಿರುಗಲಿಲ್ಲ.

ಇಡೀ ಗುಡ್ಡದಲ್ಲಿ ಆ ಒಂದು ಗುಂಡಿ ನೆಲಸಮವಾದಾಗ ಹೆನ್ರಿ ಹಲಗೆಗೆ ಕೈ ಚಾಚಿದ. "ಕೊಡಕ್ಕಾ, ಇದ್ದಲ್ಲೇ ನೆಟ್ಟುಬರ್ತೀನಿ."

ಅವಳು ಕೊಡಲಿಲ್ಲ. ಮಣ್ಣಿನ ಮೇಲೆ ಮತ್ತೊಮ್ಮೆ ಒತ್ತಿ ಎಳೆದಳು. ಹಲಗೆಯ ಬಿಳಿ ಅಕ್ಷರಗಳ ತುಂಬ ಒದ್ದೆ ಮಣ್ಣು ಮೆತ್ತಿಕೊಂಡಿತ್ತು.